ಅನಾಟಮಿಯನ್ನು ಕಂಪ್ಯೂಟರ್ ಓದುವಂತೆ ಬರೆಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಮೆಡಿಕಲ್ ಕಾಲೇಜುಗಳಲ್ಲಿ ಅನಾಟಮಿ ಕಲಿಸುವವರು, ಪಿಜಿ ಮಾಡುತ್ತಿರುವವರು, ಅವರ ಜೊತೆ ಕೂತು ಸಾಫ್ಟ್‌ವೇರ್ ಬರೆಯುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಉದಾಹರಣೆಗಳು ಹೆಚ್ಚಾಗಿ ಮೊದಲ ವರ್ಷದ ಎಂಬಿಬಿಎಸ್‌ನ ಅಪ್ಪರ್ ಲಿಂಬ್ ಪಾಠದವು. ಎಲ್ಲರಿಗೂ ಗೊತ್ತಿರುವ ಭಾಗವಾದ್ದರಿಂದ ಡೇಟಾದಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ಅಲ್ಲಿ ಬೇಗ ಕಾಣುತ್ತದೆ.

ನೋಟ್ಸ್ ಇದೆ, ಪಿಪಿಟಿ ಇದೆ, ಅಟ್ಲಾಸ್ ಇದೆ. ಮತ್ತೆ ಡೇಟಾ ಯಾಕೆ ಬೇಕು?

‘ಮುಂಗೈಯ ಬಹುಪಾಲು ಫ್ಲೆಕ್ಸರ್ ಸ್ನಾಯುಗಳಿಗೆ ಮೀಡಿಯನ್ ನರ್ವ್ ಹೋಗುತ್ತದೆ’ ಎಂದು ನೋಟ್ಸ್‌ನಲ್ಲಿ ಬರೆದರೆ ವಿದ್ಯಾರ್ಥಿಗೆ ಅರ್ಥವಾಗುತ್ತದೆ. ಕಂಪ್ಯೂಟರಿಗೆ ಅದು ಬರೀ ಅಕ್ಷರಗಳ ಸಾಲು. ‘ಬಹುಪಾಲು’ ಎಂದರೆ ಯಾವ್ಯಾವ ಸ್ನಾಯು, ಬಿಟ್ಟುಹೋದವು ಯಾವುವು ಎಂದು ಅದಕ್ಕೆ ತಿಳಿಯುವುದಿಲ್ಲ. ಒಂದೊಂದು ಸ್ನಾಯುವಿಗೂ ಒಂದೊಂದು ಸಾಲು, ಆ ಸಾಲಿನಲ್ಲಿ ನರ್ವ್ ಯಾವುದು, ಅದರ ಕೊಂಬೆ ಯಾವ ಮಟ್ಟದಲ್ಲಿ ಹೊರಡುತ್ತದೆ ಎಂದು ಬರೆದುಬಿಟ್ಟರೆ, ‘ಮಣಿಕಟ್ಟಿನಲ್ಲಿ ಮೀಡಿಯನ್ ನರ್ವ್ ತುಂಡಾದರೆ ಯಾವ ಸ್ನಾಯುಗಳು ಸೋಲುತ್ತವೆ’ ಎಂಬ ಪ್ರಶ್ನೆಗೆ ಡೇಟಾವೇ ಉತ್ತರ ಕೊಡುತ್ತದೆ: ಥೀನಾರ್ (ಹೆಬ್ಬೆರಳ ಬುಡದ) ಸ್ನಾಯುಗಳು ಮತ್ತು ಅಂಗೈಯ ಮೊದಲ ಎರಡು ಲಂಬ್ರಿಕಲ್ ಸ್ನಾಯುಗಳು. ಮುಂಗೈಯ ಫ್ಲೆಕ್ಸರ್‌ಗಳ ಕೊಂಬೆಗಳು ಮೇಲೆಯೇ ಹೊರಟಿರುವುದರಿಂದ ಅವು ಉಳಿಯುತ್ತವೆ. ಮೊಣಕೈಗಿಂತ ಮೇಲೆ ತುಂಡಾದರೆ ಅವೂ ಹೋಗುತ್ತವೆ. ಇದೇ ಸಾಲುಗಳಿಂದ ಎಂಸಿಕ್ಯೂ ಬರುತ್ತದೆ, ಸ್ಪಾಟರ್ (ತೋರಿಸಿದ ಭಾಗವನ್ನು ಗುರುತಿಸುವ ಪರೀಕ್ಷೆ) ಪಟ್ಟಿ ಬರುತ್ತದೆ, ತ್ರಿಡಿ ಮಾದರಿಯಲ್ಲಿ ಒತ್ತಿದ ಭಾಗದ ವಿವರ ಬರುತ್ತದೆ. ಒಮ್ಮೆ ಬರೆದದ್ದನ್ನು ನಾಲ್ಕು ಕಡೆ ಮತ್ತೆ ಟೈಪ್ ಮಾಡುವುದು ತಪ್ಪುತ್ತದೆ.

ಇಡೀ ದೇಹವನ್ನು ಒಂದೇ ಸಲಕ್ಕೆ ಹಿಡಿಯಬೇಕೆ?

ಬೇಡ. ಇಡೀ ದೇಹದ ಕೆಲಸವನ್ನು ಈಗಾಗಲೇ ಮಾಡಿದವರಿದ್ದಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಫೌಂಡೇಷನಲ್ ಮಾಡೆಲ್ ಆಫ್ ಅನಾಟಮಿ, ಅಂದರೆ ಎಫ್‌ಎಂಎ, ಸುಮಾರು 75,000 ವರ್ಗಗಳನ್ನು ಹೊಂದಿದೆ. ನೀವು ಮಾಡಬೇಕಾದ್ದು ಅದರ ನಕಲು ಅಲ್ಲ; ನಿಮ್ಮ ಪಾಠಕ್ಕೆ ಬೇಕಾದ ಭಾಗವನ್ನು ಆಯ್ದು, ಪರೀಕ್ಷೆಗೆ ಮತ್ತು ಡಿಸೆಕ್ಷನ್ ಹಾಲ್‌ಗೆ ಬೇಕಾದ ಸಂಬಂಧಗಳನ್ನು ಸೇರಿಸುವುದು.

ಕೈಗೆ ಹೋಗುವ ನರ್ವ್‌ಗಳ ಜಾಲವಾದ ಬ್ರೇಕಿಯಲ್ ಪ್ಲೆಕ್ಸಸ್‌ನಿಂದ ಶುರುಮಾಡಿ. ರೂಟ್ 5, ಟ್ರಂಕ್ 3, ಡಿವಿಷನ್ 6, ಕಾರ್ಡ್ 3, ಕೊನೆಯ ದೊಡ್ಡ ಕೊಂಬೆಗಳು 5. ಒಟ್ಟು 22 ನೋಡ್‌ಗಳು, ಅಂದರೆ ಜಾಲದ ಬಿಂದುಗಳು. ಅವುಗಳ ನಡುವಿನ ಗೆರೆಗಳು 23: ರೂಟ್‌ನಿಂದ ಟ್ರಂಕ್‌ಗೆ 5, ಟ್ರಂಕ್‌ನಿಂದ ಡಿವಿಷನ್‌ಗೆ 6, ಡಿವಿಷನ್‌ನಿಂದ ಕಾರ್ಡ್‌ಗೆ 6, ಕಾರ್ಡ್‌ನಿಂದ ಕೊನೆಯ ಕೊಂಬೆಗಳಿಗೆ 6. ಐದು ಕೊಂಬೆಗೆ ಆರು ಗೆರೆ ಹೇಗೆ ಎಂದರೆ, ಮೀಡಿಯನ್ ನರ್ವ್ ಲ್ಯಾಟರಲ್ ಮತ್ತು ಮೀಡಿಯಲ್ ಎರಡೂ ಕಾರ್ಡ್‌ಗಳಿಂದ ಬರುತ್ತದೆ. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ನಮೂದಿಸಬಹುದು. ನಿಮ್ಮ ಶೀಟ್‌ನಲ್ಲಿ 22 ಮತ್ತು 23 ಬರದಿದ್ದರೆ ಎಲ್ಲೋ ಒಂದು ಸಾಲು ತಪ್ಪಿದೆ ಎಂದೇ ಅರ್ಥ.

ಇನ್ನೊಂದು ಲಾಭವೂ ಇದೆ. ಪ್ರತಿ ರಚನೆಗೂ ‘ಪೇರೆಂಟ್’ ಎಂದು ಒಂದೇ ಕಾಲಂ ಇಟ್ಟು ಮರದ ಹಾಗೆ ಜೋಡಿಸುವ ಆಸೆ ಎಲ್ಲ ಎಂಜಿನಿಯರುಗಳಿಗೂ ಇರುತ್ತದೆ. ಸುಪೀರಿಯರ್ ಟ್ರಂಕ್‌ಗೆ ಸಿ5, ಸಿ6 ಎಂಬ ಎರಡು ರೂಟ್‌ಗಳು ಮೂಲವಾಗಿವೆ ಎಂದು ಬರೆಯಹೊರಟ ಕೂಡಲೇ ಆ ವಿನ್ಯಾಸ ಮುರಿಯುತ್ತದೆ. ಅದು ಮೊದಲ ದಿನವೇ ಮುರಿಯುವುದು ಒಳ್ಳೆಯದು.

ಯಾವ ಟೇಬಲ್‌ಗಳು, ಯಾವ ಕಾಲಂಗಳು?

ಮೂರು ಟೇಬಲ್ ಸಾಕು.

ರಚನೆಗಳ ಟೇಬಲ್‌ನಲ್ಲಿ ಸ್ವಂತ ಗುರುತು ಸಂಖ್ಯೆ, ಬಗೆ (ಮೂಳೆ, ಸ್ನಾಯು, ನರ್ವ್, ಆರ್ಟರಿ, ಖಾಲಿ ಜಾಗ ಇತ್ಯಾದಿ), ಬದಿ, ಹೊರಗಿನ ಗುರುತು ಸಂಖ್ಯೆಗಳು. ಸ್ವಂತ ಗುರುತಿನಲ್ಲಿ ಹೆಸರನ್ನು ಸೇರಿಸಬೇಡಿ. ಹೆಸರು ಬದಲಾಗುತ್ತದೆ, ಗುರುತು ಬದಲಾಗಬಾರದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಅಳಿಸಿ ಬೇರೆ ರಚನೆಗೆ ಕೊಡಲೂಬಾರದು.

ಹೆಸರುಗಳ ಟೇಬಲ್‌ನಲ್ಲಿ ಗುರುತು ಸಂಖ್ಯೆ, ಹೆಸರು, ಭಾಷೆ, ದರ್ಜೆ (ಮುಖ್ಯ ಹೆಸರು, ಪರ್ಯಾಯ, ಆಡುಮಾತು, ಹಳೆಯ ಹೆಸರು). ಒಂದು ರಚನೆಗೆ ಒಂದು ಭಾಷೆಯಲ್ಲಿ ಮುಖ್ಯ ಹೆಸರು ಒಂದೇ ಇರಬೇಕು. ಉಳಿದವು ಎಷ್ಟಾದರೂ ಇರಲಿ.

ಸಂಬಂಧಗಳ ಟೇಬಲ್ಲೇ ಈ ಕೆಲಸದ ಜೀವ. ಒಂದು ಸಾಲು ಹೀಗಿರುತ್ತದೆ:

ಯಾವುದು: ಲ್ಯಾಟರಲ್ ಕಾರ್ಡ್ | ಸಂಬಂಧ: ಸೇರಿ ರೂಪಿಸುತ್ತದೆ | ಯಾವುದನ್ನು: ಮೀಡಿಯನ್ ನರ್ವ್ | ಮಟ್ಟ: ಆಕ್ಸಿಲಾ | ಆಧಾರ: ಪುಸ್ತಕ, ಆವೃತ್ತಿ, ಪುಟ | ಸ್ಥಿತಿ: ಪರಿಶೀಲಿಸಿದೆ | ನಮೂದು: ಒಬ್ಬರು | ಪರಿಶೀಲನೆ: ಇನ್ನೊಬ್ಬರು

ಆಧಾರದ ಕಾಲಂ ಖಾಲಿ ಬಿಟ್ಟ ಸಾಲನ್ನು ಸೇರಿಸಿಕೊಳ್ಳಲೇಬೇಡಿ. ಆರು ತಿಂಗಳ ನಂತರ ಇಬ್ಬರು ಶಿಕ್ಷಕರು ಒಂದು ಸಾಲಿನ ಬಗ್ಗೆ ಭಿನ್ನವಾಗಿ ಹೇಳಿದಾಗ ಕೈಹಿಡಿಯುವುದು ಆ ಪುಟ ಸಂಖ್ಯೆ ಮಾತ್ರ. ನಮೂದಿಸಿದವರೇ ಪರಿಶೀಲಿಸುವಂತಿಲ್ಲ ಎಂಬ ನಿಯಮವನ್ನೂ ಸಡಿಲಿಸಬೇಡಿ.

‘ಬಗೆ’ ಮತ್ತು ‘ಭಾಗ’ ಬೇರೆ ಬೇರೆ ಎಂದು ಅಷ್ಟು ಒತ್ತಿ ಹೇಳುವುದೇಕೆ?

ಅನಾಟಮಿ ಡೇಟಾ ಕೆಡುವುದು ಹೆಚ್ಚಾಗಿ ಇಲ್ಲೇ. ಬೈಸೆಪ್ಸ್ ಒಂದು ಬಗೆಯ ಸ್ಕೆಲಿಟಲ್ ಮಸಲ್. ಲಾಂಗ್ ಹೆಡ್ ಬೈಸೆಪ್ಸ್‌ನ ಒಂದು ಭಾಗ. ಎರಡನ್ನೂ ‘ಇದರ ಕೆಳಗೆ ಇದು’ ಎಂದು ಒಂದೇ ಕಾಲಂನಲ್ಲಿ ಬರೆದರೆ, ತೋಳಿನಲ್ಲಿ ಎಷ್ಟು ಸ್ನಾಯು ಎಂದು ಕೇಳಿದಾಗ ಕಂಪ್ಯೂಟರ್ ಬೈಸೆಪ್ಸ್‌ನ ಎರಡು ಹೆಡ್, ಟ್ರೈಸೆಪ್ಸ್‌ನ ಮೂರು ಹೆಡ್ ಎಲ್ಲವನ್ನೂ ಬೇರೆ ಬೇರೆ ಸ್ನಾಯು ಎಂದು ಎಣಿಸುತ್ತದೆ.

ಬಗೆಗೆ ಹೇಳಿದ್ದು ಅದರಡಿ ಬರುವ ಪ್ರತಿಯೊಂದಕ್ಕೂ ಅನ್ವಯಿಸುತ್ತದೆ. ಇಡಿಯದರ ಬಗ್ಗೆ ಹೇಳಿದ್ದು ಅದರ ಭಾಗಗಳಿಗೆ ಅನ್ವಯಿಸುವುದಿಲ್ಲ. ಹೃದಯಕ್ಕೆ ನಾಲ್ಕು ಕೋಣೆಗಳಿವೆ. ಎಡ ವೆಂಟ್ರಿಕಲ್‌ಗೆ ಇಲ್ಲ. ಎರಡು ಸಂಬಂಧಗಳನ್ನು ಬೆರೆಸಿದ ಡೇಟಾ ಇಂಥ ಅಸಂಬದ್ಧವನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ.

‘ಒಳಗಿದೆ’ ಎಂಬುದು ಮೂರನೆಯದು. ಮೆದುಳು ಕ್ರೇನಿಯಲ್ ಕ್ಯಾವಿಟಿಯ ಒಳಗಿದೆ, ಆದರೆ ತಲೆಬುರುಡೆಯ ಭಾಗವಲ್ಲ. ಆಕ್ಸಿಲಾ ಒಂದು ಜಾಗ; ಆಕ್ಸಿಲರಿ ಆರ್ಟರಿ ಅದರಲ್ಲಿ ಹಾದುಹೋಗುತ್ತದೆ. ‘ಮುಂದುವರಿಯುತ್ತದೆ’ ಮತ್ತು ‘ಕೊಂಬೆ’ ಕೂಡ ಬೇರೆ ಬೇರೆ. ಸಬ್‌ಕ್ಲೇವಿಯನ್ ಆರ್ಟರಿ ಮೊದಲ ಪಕ್ಕೆಲುಬಿನ ಹೊರ ಅಂಚಿನಲ್ಲಿ ಆಕ್ಸಿಲರಿಯಾಗಿ, ಟೀರಿಸ್ ಮೇಜರ್‌ನ ಕೆಳ ಅಂಚಿನಲ್ಲಿ ಬ್ರೇಕಿಯಲ್ ಆಗಿ ಮುಂದುವರಿಯುತ್ತದೆ. ಇವು ಕೊಂಬೆಗಳಲ್ಲ. ಬ್ರೇಕಿಯಲ್‌ನಿಂದ ರೇಡಿಯಲ್ ಮತ್ತು ಅಲ್ನಾರ್ ಕವಲೊಡೆಯುತ್ತವೆ. ಈ ವ್ಯತ್ಯಾಸ ಬರೆದಿದ್ದರೆ ಮಾತ್ರ ‘ಆಕ್ಸಿಲರಿ ಆರ್ಟರಿಯ ಕೊಂಬೆಗಳು ಯಾವುವು’ ಎಂದಾಗ ಉತ್ತರದಲ್ಲಿ ಬ್ರೇಕಿಯಲ್ ಬಂದು ಕೂರುವುದಿಲ್ಲ.

ಬೋಧನೆಗೆ ಹತ್ತು ಹನ್ನೆರಡು ಸಂಬಂಧಗಳು ಸಾಕು: ಬಗೆ, ಭಾಗ, ಒಳಗಿದೆ, ಕೊಂಬೆ, ಮುಂದುವರಿಕೆ, ಸೇರಿ ರೂಪಿಸುತ್ತದೆ, ನರ್ವ್ ಪೂರೈಕೆ, ರಕ್ತ ಪೂರೈಕೆ, ಒರಿಜಿನ್, ಇನ್ಸರ್ಷನ್, ಪಕ್ಕದಲ್ಲಿದೆ, ಲಿಂಫ್ ಹರಿಯುವ ಕಡೆ. ಪ್ರತಿಯೊಂದಕ್ಕೂ ಎರಡು ಸಾಲಿನ ವ್ಯಾಖ್ಯೆ ಮತ್ತು ಒಂದು ‘ಹೀಗೆ ಬಳಸಬೇಡಿ’ ಉದಾಹರಣೆಯನ್ನು ಬರೆದು ಶೀಟಿನ ಮೊದಲ ಪುಟದಲ್ಲೇ ಇಡಿ.

ಸಂಬಂಧಗಳನ್ನು ಬರೆದರೆ ಉಳಿದದ್ದೆಲ್ಲ ಕಂಪ್ಯೂಟರೇ ಲೆಕ್ಕ ಹಾಕುತ್ತದೆಯೇ?

ಕೆಲವನ್ನು ಹಾಕುತ್ತದೆ, ಕೆಲವನ್ನು ಹಾಕಲು ಬಿಡಬಾರದು. ಮೇಲಿನ 23 ಗೆರೆಗಳನ್ನೇ ಹಿಡಿದು ಅಲ್ನಾರ್ ನರ್ವ್‌ನಿಂದ ಹಿಂದಕ್ಕೆ ನಡೆಯಿರಿ: ಮೀಡಿಯಲ್ ಕಾರ್ಡ್, ಇನ್ಫೀರಿಯರ್ ಟ್ರಂಕ್‌ನ ಆಂಟೀರಿಯರ್ ಡಿವಿಷನ್, ಇನ್ಫೀರಿಯರ್ ಟ್ರಂಕ್, ಸಿ8 ಮತ್ತು ಟಿ1. ಸರಿಯಾಗಿದೆ. ಮಸ್ಕ್ಯುಲೋಕ್ಯುಟೇನಿಯಸ್‌ನಿಂದ ನಡೆದರೆ ಸಿ5, ಸಿ6, ಸಿ7. ಅದೂ ಸರಿ. ಈಗ ಆಕ್ಸಿಲರಿ ನರ್ವ್‌ನಿಂದ ನಡೆಯಿರಿ. ಪೋಸ್ಟೀರಿಯರ್ ಕಾರ್ಡ್‌ಗೆ ಮೂರೂ ಪೋಸ್ಟೀರಿಯರ್ ಡಿವಿಷನ್‌ಗಳು ಸೇರುವುದರಿಂದ ಉತ್ತರ ಸಿ5ರಿಂದ ಟಿ1 ಎಂದು ಬರುತ್ತದೆ. ಪುಸ್ತಕದಲ್ಲಿರುವುದು ಸಿ5, ಸಿ6 ಮಾತ್ರ.

ಗೆರೆಗಳಲ್ಲಿ ತಪ್ಪಿಲ್ಲ. ಕಾರ್ಡ್ ಒಂದು ಕಟ್ಟು. ಅದರೊಳಗೆ ಬಂದ ಎಲ್ಲ ನಾರುಗಳೂ ಅದರಿಂದ ಹೊರಡುವ ಎಲ್ಲ ಕೊಂಬೆಗಳಿಗೂ ಹೋಗುವುದಿಲ್ಲ. ದಾರಿ ಇದೆ ಎಂದ ಮಾತ್ರಕ್ಕೆ ನಾರು ಇದೆ ಎಂದಾಗುವುದಿಲ್ಲ. ಆದ್ದರಿಂದ ರೂಟ್ ವ್ಯಾಲ್ಯೂವನ್ನು (ನರ್ವ್‌ಗೆ ಯಾವ ರೂಟ್‌ಗಳ ನಾರು ಬರುತ್ತದೆ ಎಂಬುದನ್ನು) ಗೆರೆಗಳಿಂದ ಲೆಕ್ಕ ಹಾಕದೆ, ಪ್ರತಿ ನರ್ವ್‌ಗೂ ಪ್ರತ್ಯೇಕ ಸಾಲಾಗಿ ಆಧಾರ ಸಮೇತ ನಮೂದಿಸಿ. ಲೆಕ್ಕವನ್ನು ತಪಾಸಣೆಗೆ ಮಾತ್ರ ಬಳಸಿ: ನಮೂದಿಸಿದ ರೂಟ್‌ಗಳು ಗೆರೆಗಳಿಂದ ಬಂದ ಪಟ್ಟಿಯ ಒಳಗೇ ಇರಬೇಕು. ಹೊರಗಿನದೊಂದು ಬಂದರೆ ಟೈಪಿಂಗ್ ತಪ್ಪಿರಬೇಕು, ಇಲ್ಲವೇ ಅದೊಂದು ವೇರಿಯೇಷನ್ (ಕೆಲವರಲ್ಲಿ ಮಾತ್ರ ಕಾಣುವ ವ್ಯತ್ಯಾಸ) ಇರಬೇಕು. ಅಲ್ನಾರ್‌ಗೆ ಕೆಲವರಲ್ಲಿ ಸಿ7ರ ನಾರುಗಳು ಬರುವುದು ಅಂಥದ್ದು.

ಒಂದು ಸ್ನಾಯುವಿಗೆ ಎರಡು ನರ್ವ್ ಇದ್ದರೆ?

ಸಾಲು ಎರಡು ಮಾಡಿ. ಆದರೆ ಮೊದಲು ಸ್ನಾಯುವನ್ನು ಭಾಗ ಮಾಡಿ. ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್‌ನ ತೋರುಬೆರಳು, ಮಧ್ಯಬೆರಳಿನ ಭಾಗಕ್ಕೆ ಮೀಡಿಯನ್‌ನ ಆಂಟೀರಿಯರ್ ಇಂಟರಾಸಿಯಸ್ ಕೊಂಬೆ. ಉಂಗುರ ಬೆರಳು, ಕಿರುಬೆರಳಿನ ಭಾಗಕ್ಕೆ ಅಲ್ನಾರ್. ಇಡೀ ಸ್ನಾಯುವಿಗೆ ಎರಡನ್ನೂ ಅಂಟಿಸಿದರೆ, ಅಲ್ನಾರ್ ಪೆಟ್ಟಾದಾಗ ಯಾವ ಬೆರಳ ತುದಿ ಮಡಚುವುದಿಲ್ಲ ಎಂಬ ಪ್ರಶ್ನೆಗೆ ಡೇಟಾ ಉತ್ತರಿಸಲಾರದು.

ಎಫ್‌ಎಂಎ, ಯೂಬೆರಾನ್, ಸ್ನೋಮೆಡ್, ಟಿಎ... ಯಾವ ಸಂಖ್ಯೆ ಬಳಸಬೇಕು?

ಇವೆಲ್ಲ ರಚನೆಗಳಿಗೆ ಗುರುತು ಸಂಖ್ಯೆ ಕೊಟ್ಟಿರುವ ಪಟ್ಟಿಗಳು. ಸ್ವಂತ ಗುರುತು ಇಟ್ಟುಕೊಂಡು ಉಳಿದವನ್ನು ಕಾಲಂಗಳಾಗಿ ಜೋಡಿಸಿ. ಹೃದಯಕ್ಕೆ ಎಫ್‌ಎಂಎ 7088, ಯೂಬೆರಾನ್ 0000948, ಸ್ನೋಮೆಡ್ ಸಿಟಿ 80891009, ವಿಕಿಡೇಟಾ ಕ್ಯೂ1072. ಮನುಷ್ಯನ ಅನಾಟಮಿ ಬೋಧನೆಗೆ ಎಫ್‌ಎಂಎ ಮೊದಲು: ಎಡ–ಬಲ ಪ್ರತ್ಯೇಕವಾಗಿದೆ, ಸಣ್ಣ ಭಾಗಗಳವರೆಗೂ ಇಳಿಯುತ್ತದೆ, ಜಪಾನಿನ ಬಾಡಿಪಾರ್ಟ್ಸ್3ಡಿ ಮಾದರಿಗಳೂ ಎಫ್‌ಎಂಎ ಸಂಖ್ಯೆಗೇ ಜೋಡಣೆಯಾಗಿವೆ. ಯೂಬೆರಾನ್ ಹಲವು ಪ್ರಾಣಿಗಳಿಗೆ ಸಾಮಾನ್ಯವಾದದ್ದು. ಎಂಬ್ರಿಯಾಲಜಿ, ಜೀನ್ ಡೇಟಾಗಳ ಜೊತೆ ಸೇರಿಸುವುದಾದರೆ ಬೇಕು. ಆಸ್ಪತ್ರೆಯ ದಾಖಲೆಗಳಿಗೆ ಜೋಡಿಸುವುದಾದರೆ ಸ್ನೋಮೆಡ್. ಭಾರತ ಸ್ನೋಮೆಡ್‌ನ ಸದಸ್ಯ ದೇಶವಾದ್ದರಿಂದ ಇಲ್ಲಿ ಶುಲ್ಕವಿಲ್ಲದೆ ಪರವಾನಗಿ ಪಡೆಯಬಹುದು. ಒಂದು ಎಚ್ಚರಿಕೆ: ಸ್ನೋಮೆಡ್‌ನಲ್ಲಿ ‘ಹೃದಯದ ರಚನೆ’ ಬೇರೆ, ‘ಇಡೀ ಹೃದಯ’ ಬೇರೆ. ಮೇಲೆ ಕೊಟ್ಟದ್ದು ಮೊದಲನೆಯದು. ಹೃದಯದ ಭಾಗಗಳೂ ಅದರಡಿ ಬರುತ್ತವೆ.

ಟರ್ಮಿನಾಲಜಿಯಾ ಅನಾಟಮಿಕಾ, ಅಂದರೆ ಟಿಎ, ಅಧಿಕೃತ ಹೆಸರುಗಳ ಪಟ್ಟಿ. 1998ರ ಆವೃತ್ತಿಯ ಸಂಖ್ಯೆಗೂ 2019ರ ಎರಡನೇ ಆವೃತ್ತಿಯ ಸಂಖ್ಯೆಗೂ ಪದ್ಧತಿಯೇ ಬೇರೆ. ಯಾವ ಆವೃತ್ತಿ ಎಂದು ಬರೆಯದ ಟಿಎ ಸಂಖ್ಯೆ ಉಪಯೋಗಕ್ಕೆ ಬಾರದು.

ಎಕ್ಸೆಲ್‌ನಲ್ಲೇ ಮಾಡಬಹುದೇ?

ಮಾಡಬಹುದು. ಶಿಕ್ಷಕರಿಗೆ ಒಗ್ಗಿದ ಸಾಧನದಲ್ಲಿ ಕೆಲಸ ಮುಂದೆ ಸಾಗುತ್ತದೆ. ಆದರೆ ಟೈಪ್ ಮಾಡುವ ಮೊದಲೇ ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದು ಫಾರ್ಮ್ಯಾಟ್ ಮಾಡಿ. ಮಾಡದಿದ್ದರೆ ಯೂಬೆರಾನ್‌ನ 0000948 ಬರೀ 948 ಆಗುತ್ತದೆ. ರೂಟ್ ವ್ಯಾಲ್ಯೂ ಎಂದು 5-6 ಬರೆದರೆ ಅದು ತಾರೀಖಾಗಿಬಿಡುತ್ತದೆ. ಪಠ್ಯಕ್ರಮದ ಸಾಮರ್ಥ್ಯ (ಕಾಂಪಿಟೆನ್ಸಿ) ಸಂಖ್ಯೆ 10.10 ಎಂದು ಬರೆದರೆ 10.1 ಆಗುತ್ತದೆ, ಅವೆರಡೂ ಬೇರೆ ಬೇರೆ ಪಾಠ. ಸ್ನೋಮೆಡ್ ಸಂಖ್ಯೆ 18 ಅಂಕಿಗಳವರೆಗೂ ಇರಬಹುದು, ಎಕ್ಸೆಲ್ ನೆನಪಿಡುವುದು 15 ಅಂಕಿ. ಉಳಿದವು ಸೊನ್ನೆಯಾಗುತ್ತವೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಹಾಗೆ ಒಮ್ಮೆ ಸೇವ್ ಆದ ಮೇಲೆ ಫಾರ್ಮ್ಯಾಟ್ ಬದಲಿಸಿದರೆ ಕಳೆದ ಅಂಕಿ ಹಿಂದಿರುಗುವುದಿಲ್ಲ.

ಕನ್ನಡವಿರುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಅಕ್ಷರ ಚಿಂದಿಯಾಗಿ ಕಂಡರೆ ಗಾಬರಿಯಾಗಬೇಡಿ, ಸೇವ್ ಅಂತೂ ಮಾಡಲೇಬೇಡಿ. ‘ಡೇಟಾ’ ಮೆನುವಿನ ಮೂಲಕ ಯುಟಿಎಫ್-8 ಎಂದು ಆರಿಸಿ ತೆರೆಯಿರಿ. ಲಿಬ್ರೆ ಆಫೀಸ್ ತೆರೆಯುವಾಗಲೇ ಇದನ್ನು ಕೇಳುತ್ತದೆ.

ಕೆಲವು ಸಾವಿರ ಸಾಲು ದಾಟಿದ ಮೇಲೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ಗೆ ಸಾಗಿಸಿ.

ಪ್ರೊಟೆಜೆ, ಓಡಬ್ಲ್ಯುಎಲ್, ಆರ್‌ಡಿಎಫ್ ಕಲಿಯಲೇಬೇಕೆ?

ಓಡಬ್ಲ್ಯುಎಲ್, ಆರ್‌ಡಿಎಫ್ ಎಂದರೆ ಇಂಥ ಸಂಬಂಧಗಳ ಜಾಲವನ್ನು (ಆಂಟಾಲಜಿ) ಬರೆಯುವ ಪದ್ಧತಿಗಳು, ಪ್ರೊಟೆಜೆ ಅದನ್ನು ತಿದ್ದುವ ಸಾಫ್ಟ್‌ವೇರ್. ತಂಡದಲ್ಲಿ ಒಬ್ಬರು ಕಲಿತರೆ ಸಾಕು. ಟೇಬಲ್ ಶುದ್ಧವಾಗಿದ್ದರೆ ರೋಬಾಟ್ ಎಂಬ ಉಚಿತ ಸಾಧನ ಟೆಂಪ್ಲೇಟ್ ಬಳಸಿ ಅದನ್ನು ಓಡಬ್ಲ್ಯುಎಲ್‌ಗೆ ಪರಿವರ್ತಿಸುತ್ತದೆ. ಟೇಬಲ್ಲೇ ಗೊಂದಲವಾಗಿದ್ದರೆ ಯಾವ ಆಂಟಾಲಜಿ ಸಾಫ್ಟ್‌ವೇರೂ ಅದನ್ನು ಉಳಿಸುವುದಿಲ್ಲ.

ಎಡಗೈ ಮುಗಿಸಿದ್ದೇವೆ. ಬಲಗೈಗೆ ಸ್ಕ್ರಿಪ್ಟ್‌ನಿಂದ ನಕಲು ಮಾಡಬಹುದೇ?

ಕೈಕಾಲುಗಳಲ್ಲಿ ಹೆಚ್ಚುಕಡಿಮೆ ಮಾಡಬಹುದು. ಮುಂಡದಲ್ಲಿ ಖಂಡಿತ ಬೇಡ. ಎಡ ಗೊನಾಡಲ್ ವೇನ್ ಎಡ ರೀನಲ್ ವೇನ್‌ಗೆ ಸೇರುತ್ತದೆ. ಬಲಗಡೆಯದು ನೇರ ಇನ್ಫೀರಿಯರ್ ವೀನಾ ಕೇವಾಕ್ಕೆ. ಎಡ ರಿಕರೆಂಟ್ ಲ್ಯಾರಿಂಜಿಯಲ್ ನರ್ವ್ ಆರ್ಚ್ ಆಫ್ ಅಯೋರ್ಟಾವನ್ನು ಸುತ್ತುತ್ತದೆ, ಬಲಗಡೆಯದು ಸಬ್‌ಕ್ಲೇವಿಯನ್ ಆರ್ಟರಿಯನ್ನು. ಎಝೈಗಸ್ ಬಲಕ್ಕೆ, ಹೆಮಿಎಝೈಗಸ್ ಎಡಕ್ಕೆ. ನಕಲು ಸ್ಕ್ರಿಪ್ಟ್ ಇವೆಲ್ಲವನ್ನೂ ತಪ್ಪು ಮಾಡುತ್ತದೆ. ತೊಂದರೆಯೆಂದರೆ ತಪ್ಪಾದ ಸಾಲು ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ನಕಲಾದ ಪ್ರತಿ ಸಾಲಿಗೂ ‘ನಕಲು, ಪರಿಶೀಲಿಸಿಲ್ಲ’ ಎಂಬ ಸ್ಥಿತಿ ತಾನಾಗಿಯೇ ಬರುವಂತೆ ಮಾಡಿ.

ಡಿಸೆಕ್ಷನ್‌ನಲ್ಲಿ ಪುಸ್ತಕದಲ್ಲಿಲ್ಲದ್ದು ಕಂಡರೆ?

ವೇರಿಯೇಷನ್‌ಗಳನ್ನು ಷರಾ ಕಾಲಂನಲ್ಲಿ ತುರುಕಬೇಡಿ, ಅವೂ ಸಾಲುಗಳೇ. ಪಾಲ್ಮಾರಿಸ್ ಲಾಂಗಸ್ ಕೆಲವರಲ್ಲಿ ಇರುವುದೇ ಇಲ್ಲ, ಎಷ್ಟು ಜನರಲ್ಲಿ ಎಂಬುದು ಜನಸಮುದಾಯದಿಂದ ಸಮುದಾಯಕ್ಕೆ ಬಹಳ ಬದಲಾಗುತ್ತದೆ. ಹಾಗಾಗಿ ‘ಶೇಕಡಾ ಇಷ್ಟು’ ಎಂದು ಒಂದೇ ಸಂಖ್ಯೆ ಬರೆದರೆ ಅದು ಅರ್ಧಸತ್ಯ. ಪ್ರಮಾಣದ ಜೊತೆಗೆ ಯಾವ ಜನರಲ್ಲಿ, ಎಷ್ಟು ಮಂದಿಯಲ್ಲಿ, ಹೆಣದ ಡಿಸೆಕ್ಷನ್‌ನಲ್ಲೋ ಜೀವಂತ ವ್ಯಕ್ತಿಯ ಕೈ ಪರೀಕ್ಷೆಯಲ್ಲೋ, ಯಾವ ಆಧಾರದಿಂದ ಎಂಬ ನಾಲ್ಕೂ ಬೇಕು. ಬೈಸೆಪ್ಸ್‌ಗೆ ಮೂರನೇ ಹೆಡ್, ಒಂದೇ ಮೂತ್ರಪಿಂಡಕ್ಕೆ ಎರಡು ರೀನಲ್ ಆರ್ಟರಿ ಇವಕ್ಕೂ ಇದೇ ಕ್ರಮ. ನಿಮ್ಮ ಹಾಲ್‌ನಲ್ಲೇ ಕಂಡದ್ದನ್ನು ‘ಒಂದು ಪ್ರಕರಣ’ ಎಂದು ದಾಖಲಿಸಿ. ಅದರಿಂದ ಶೇಕಡಾವಾರು ಕಟ್ಟಬೇಡಿ.

ಕನ್ನಡ ಹೆಸರುಗಳನ್ನು ಸೇರಿಸುವುದರಿಂದ ಪ್ರಯೋಜನವಿದೆಯೇ? ಪಾಠವಂತೂ ಇಂಗ್ಲಿಷಿನಲ್ಲಿದೆ.

ಇದೆ, ಬಹಳ ಇದೆ. ವಿಕ್ಟೋರಿಯಾ ಆಸ್ಪತ್ರೆಯ ಒಪಿಡಿಯಲ್ಲಿ ಕೂತ ವಿದ್ಯಾರ್ಥಿಗೆ ರೋಗಿ ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ನರ್ಸಿಂಗ್ ತರಗತಿಗಳಿಗೆ, ಆಶಾ ಕಾರ್ಯಕರ್ತೆಯರ ತರಬೇತಿಗೆ ಇದೇ ಡೇಟಾ ಉಪಯೋಗವಾಗಬೇಕಾದರೆ ಕನ್ನಡ ಬೇಕೇ ಬೇಕು.

ಕನ್ನಡ ಹೆಸರಿನ ಮೂರು ರೂಪಗಳನ್ನೂ ಇಡಿ: ಕಾಲೇಜಿನಲ್ಲಿ ಆಡುವ ಲಿಪ್ಯಂತರ (ಲಿವರ್), ಪಠ್ಯದ ಪದ (ಯಕೃತ್ತು, ಪಿತ್ತಜನಕಾಂಗ), ಮನೆಮಾತು. ಮನೆಮಾತಿನ ಪದ ಒಂದೇ ರಚನೆಗೆ ಕರಾರುವಾಕ್ಕಾಗಿ ಕೂರುವುದು ಅಪರೂಪ. ರೋಗಿ ‘ಕೈ ನೋವು’ ಎಂದರೆ ಹೆಗಲಿನಿಂದ ಬೆರಳ ತುದಿಯವರೆಗೆ ಎಲ್ಲಾದರೂ ಇರಬಹುದು. ‘ನರ’ ಎಂದರೆ ನರ್ವ್ ಇರಬಹುದು, ಉಬ್ಬಿ ಕಾಣುವ ವೇನ್ ಇರಬಹುದು, ಸ್ನಾಯುವಿನ ಟೆಂಡನ್ ಕೂಡ ಇರಬಹುದು. ಆದ್ದರಿಂದ ಇಂಥ ಪದಗಳಿಗೆ ‘ಸರಿಸಮ’ ಎಂಬ ಜೋಡಣೆ ಕೊಡದೆ ‘ಹೆಚ್ಚು ವಿಶಾಲ’ ಅಥವಾ ‘ಹಲವಕ್ಕೆ ಸಲ್ಲುತ್ತದೆ’ ಎಂದು ಗುರುತಿಸಿ. ಪದಪಟ್ಟಿಗಳನ್ನು ಜೋಡಿಸುವ ಎಸ್‌ಕೆಒಎಸ್ ಮಾನದಂಡದಲ್ಲಿ ಸರಿಸಮ, ಹತ್ತಿರ, ವಿಶಾಲ, ಕಿರಿದು ಎಂಬ ಜೋಡಣೆಗಳು ಸಿದ್ಧವಾಗಿಯೇ ಇವೆ.

ತಾಂತ್ರಿಕವಾಗಿ ಮೂರು ತೊಡಕು. ‘ಶ್ವಾಸಕೋಶ’ದ ‘ಕೋ’ದಲ್ಲಿರುವ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುವುದಿಲ್ಲ. ಎಲ್ಲ ಹೆಸರುಗಳನ್ನೂ ಎನ್‌ಎಫ್‌ಸಿ (ಯೂನಿಕೋಡ್‌ನ ಒಗ್ಗೂಡಿಸಿದ) ರೂಪಕ್ಕೆ ತಂದೇ ಉಳಿಸಿ. ‘ಎಂಬಿಬಿಎಸ್‌ನ’ ಎಂಬಂಥ ಪದಗಳ ನಡುವೆ ಕೂರುವ ಕಾಣದ ಅಕ್ಷರವನ್ನು ತೋರಿಸುವಾಗ ಇಟ್ಟುಕೊಂಡು, ಹುಡುಕುವ ಪ್ರತಿಯಿಂದ ಮಾತ್ರ ತೆಗೆಯಿರಿ. ಇನ್ನು, ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ ನೋಟ್ಸ್ ಇದ್ದರೆ ಅದು ಯೂನಿಕೋಡ್ ಅಲ್ಲದಿರಬಹುದು. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಓದಿ ನೋಡಿ; ಕೆಡುವುದು ಅಲ್ಲೇ.

ತ್ರಿಡಿ ಮಾದರಿಗೆ ಜೋಡಿಸುವಾಗ ಏನು ಕೆಡುತ್ತದೆ?

ಎಡ–ಬಲ ಮತ್ತು ಅಳತೆ. ಡೈಕಾಮ್‌ನಲ್ಲಿ (ಸ್ಕ್ಯಾನ್ ಚಿತ್ರಗಳ ಫೈಲ್ ಪದ್ಧತಿ) ಅಕ್ಷಗಳು ರೋಗಿಯ ಎಡಕ್ಕೆ, ಬೆನ್ನಿಗೆ, ತಲೆಗೆ ಏರುತ್ತವೆ. ನಿಫ್ಟಿ ಎಂಬ ಇನ್ನೊಂದು ಫೈಲ್ ಪದ್ಧತಿಯಲ್ಲಿ ಬಲಕ್ಕೆ, ಮುಂದಕ್ಕೆ, ತಲೆಗೆ. ಒಂದನ್ನು ಇನ್ನೊಂದೆಂದು ಓದಿದರೆ ದೇಹ ಹಿಂದಕ್ಕೆ ಮುಖ ಮಾಡಿ ನಿಲ್ಲುತ್ತದೆ. ಇಷ್ಟಕ್ಕೇ ಹಾನಿಯಿಲ್ಲ, ಅದು ಬರೀ ತಿರುಗಿದೆ. ಹಾನಿ ಆಗುವುದು ಆಮೇಲೆ: ಮುಖ ಮುಂದೆ ಬರಲಿ ಎಂದು ಯಾರೋ ಒಂದೇ ಅಕ್ಷದ ಚಿಹ್ನೆ ಬದಲಿಸುತ್ತಾರೆ. ಆಗ ಮಾದರಿ ಕನ್ನಡಿ ಬಿಂಬವಾಗುತ್ತದೆ, ಲಿವರ್ ಎಡಕ್ಕೆ ಹೋಗುತ್ತದೆ. ಅಕ್ಷಗಳನ್ನು ಎರಡೆರಡಾಗಿ ಬದಲಿಸಬೇಕು. ಮುಂಡದ ಮಾದರಿಯಾದರೆ ಲಿವರ್ ಮತ್ತು ಹೃದಯದ ತುದಿಯನ್ನು ನೋಡಿ; ಬರೀ ಕೈಯ ಮಾದರಿಯಾದರೆ ಅಂಗೈ ಮುಂದೆ ಇಟ್ಟು ಹೆಬ್ಬೆರಳು ಯಾವ ಕಡೆ ಎಂದು ನೋಡಿ.

ತ್ರಿಡಿ ಫೈಲ್ ಬಗೆಗಳಲ್ಲಿ ಜಿಎಲ್‌ಟಿಎಫ್‌ನ ಅಳತೆ ಮೀಟರ್. ಎಸ್‌ಟಿಎಲ್ ಫೈಲಿನಲ್ಲಿ ಅಳತೆಯ ಮಾನವೇ ಇರುವುದಿಲ್ಲ. ಮಿಲಿಮೀಟರಿನ ಮಾದರಿಯನ್ನು ಹಾಗೇ ಜಿಎಲ್‌ಟಿಎಫ್‌ಗೆ ಹಾಕಿದರೆ ಸಾವಿರ ಪಟ್ಟು ದೊಡ್ಡದಾಗುತ್ತದೆ. ವಯಸ್ಕರ ಫೀಮರ್ 40ರಿಂದ 50 ಸೆಂಟಿಮೀಟರ್ ಆಸುಪಾಸಿನಲ್ಲಿ ಬಂದರೆ ಅಳತೆ ಸರಿಯಿದೆ. ವಿದ್ಯಾರ್ಥಿಗಳು ಮೊಬೈಲಿನಲ್ಲೇ ನೋಡುವುದರಿಂದ ಒಂದು ಮೂಳೆಗೆ 5,000ದಿಂದ 10,000 ತ್ರಿಕೋನ ಸಾಕು. ಮೆಶ್‌ನ (ತ್ರಿಕೋನಗಳ ಜಾಲದ) ಹೆಸರಿನಲ್ಲಿ ರಚನೆಯ ಗುರುತು ಸಂಖ್ಯೆ ಮಾತ್ರ ಇರಲಿ.

ಸ್ಲೈಸ್ ಚಿತ್ರಗಳು ಬೇಕಿದ್ದರೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ವಿಸಿಬಲ್ ಹ್ಯೂಮನ್ ಸಂಗ್ರಹವಿದೆ: ಪುರುಷ ದೇಹ 1994ರಲ್ಲಿ 1 ಮಿಲಿಮೀಟರ್ ಅಂತರದಲ್ಲಿ, ಸ್ತ್ರೀ ದೇಹ 1995ರಲ್ಲಿ 0.33 ಮಿಲಿಮೀಟರ್ ಅಂತರದಲ್ಲಿ ಬಿಡುಗಡೆಯಾದವು.

ಸಿಬಿಎಂಇ ಪಠ್ಯಕ್ರಮಕ್ಕೆ ಹೇಗೆ ಜೋಡಿಸುವುದು?

ಸಿಬಿಎಂಇ ಎಂದರೆ ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ. ಸಾಮರ್ಥ್ಯಗಳಿಗೆ ಒಂದು ಟೇಬಲ್, ಸಾಮರ್ಥ್ಯ–ರಚನೆ ಜೋಡಣೆಗೆ ಇನ್ನೊಂದು. 2019ರ ಬ್ಯಾಚ್‌ನಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಎಎನ್ 10.3 ಬ್ರೇಕಿಯಲ್ ಪ್ಲೆಕ್ಸಸ್‌ಗೆ ಸಂಬಂಧಿಸಿದ್ದು. ಅದಕ್ಕೆ ಮೇಲಿನ 22 ನೋಡ್‌ಗಳೂ ಜೋಡಣೆಯಾಗುತ್ತವೆ. 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ. ಹಾಗಾಗಿ ಪ್ರತಿ ಸಂಖ್ಯೆಯ ಜೊತೆ ವರ್ಷವನ್ನೂ ಬರೆಯಿರಿ, ಹಳೆಯದನ್ನು ಅಳಿಸಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಇದೇ ಗುರುತುಗಳಿಗೆ ಜೋಡಿಸಿದರೆ, ಯಾವ ಸಾಮರ್ಥ್ಯದ ಮೇಲೆ ಪ್ರಶ್ನೆಯೇ ಬಂದಿಲ್ಲ ಎಂಬುದು ಒಂದು ಕ್ವೆರಿಯಲ್ಲಿ ಸಿಗುತ್ತದೆ.

ಎಐಗೆ ಪಠ್ಯ ಕೊಟ್ಟು ಸಾಲುಗಳನ್ನು ತೆಗೆಸಬಹುದೇ?

ಕರಡು ತೆಗೆಸಬಹುದು. ಎಫ್‌ಎಂಎ, ಸ್ನೋಮೆಡ್ ಸಂಖ್ಯೆಗಳನ್ನು ಮಾತ್ರ ಅದರಿಂದ ಕೇಳಬೇಡಿ. ಅಸಲಿಯಂತೆಯೇ ಕಾಣುವ ಸಂಖ್ಯೆಯನ್ನು ಹುಟ್ಟಿಸಿ ಕೊಡುತ್ತದೆ. ಸಂಖ್ಯೆಗಳನ್ನು ಮೂಲ ಫೈಲಿನಿಂದಲೇ ಹುಡುಕಿ ತುಂಬಬೇಕು. ಒರಿಜಿನ್–ಇನ್ಸರ್ಷನ್ ಅದಲುಬದಲು, ಮೀಡಿಯಲ್–ಲ್ಯಾಟರಲ್ ಅದಲುಬದಲು ಆಗಾಗ ಆಗುತ್ತದೆ. ಇನ್ನೊಂದು ಸೂಕ್ಷ್ಮ ತಪ್ಪು: ಪಠ್ಯದಲ್ಲಿ ‘ಕೆಲವೊಮ್ಮೆ’ ಎಂದಿದ್ದದ್ದು ಸಾಲಿಗೆ ಬರುವಾಗ ಉದುರಿಹೋಗಿ ವೇರಿಯೇಷನ್ನೇ ನಿಯಮವಾಗಿಬಿಡುತ್ತದೆ. ಎಐ ತೆಗೆದ ಪ್ರತಿ ಸಾಲಿಗೂ ಮೂಲ ವಾಕ್ಯವಿರುವ ಪುಟವನ್ನು ತೆರೆದಿಟ್ಟುಕೊಂಡು ಒಬ್ಬ ಅನಾಟಮಿ ಶಿಕ್ಷಕರು ಓದಬೇಕು. ಅದಕ್ಕೆ ಸಮಯವಿಲ್ಲವಾದರೆ ಅಷ್ಟು ಸಾಲು ತೆಗೆಯುವುದೇ ಬೇಡ.

ತಪ್ಪುಗಳನ್ನು ತಾನಾಗಿಯೇ ಹಿಡಿಯುವ ತಪಾಸಣೆ ಯಾವುವು?

ಪ್ರತಿ ಸಂಜೆ ಓಡಿಸಬೇಕಾದವು ಇವು: ‘ಭಾಗ’ ಸಂಬಂಧದಲ್ಲಿ ಸುತ್ತು ಇದೆಯೇ (ಮೊದಲನೆಯದು ಎರಡನೆಯದರ ಭಾಗ, ಎರಡನೆಯದು ಮೊದಲನೆಯದರ ಭಾಗ), ಯಾವುದಕ್ಕೂ ಜೋಡಣೆಯಾಗದ ರಚನೆ ಇದೆಯೇ, ‘ನರ್ವ್ ಪೂರೈಕೆ’ ಸಾಲಿನ ಮೊದಲ ತುದಿ ನಿಜಕ್ಕೂ ನರ್ವ್ ಬಗೆಯದೇ, ಪ್ರತಿ ಸ್ಕೆಲಿಟಲ್ ಸ್ನಾಯುವಿಗೂ ಕನಿಷ್ಠ ಒಂದು ನರ್ವ್, ಒರಿಜಿನ್, ಇನ್ಸರ್ಷನ್ ಇದೆಯೇ. ಕೊನೆಯದಕ್ಕೆ ಅಪವಾದಗಳ ಪಟ್ಟಿ ಬೇಕು. ಮುಖದ ಸ್ನಾಯುಗಳು ಚರ್ಮಕ್ಕೆ ಸೇರುತ್ತವೆ, ಡಯಾಫ್ರಮ್ ತನ್ನದೇ ಸೆಂಟ್ರಲ್ ಟೆಂಡನ್‌ಗೆ ಸೇರುತ್ತದೆ. ಮೂಳೆಯೇ ಬೇಕೆಂದು ಹಠ ಹಿಡಿಯುವ ನಿಯಮ ಸರಿಯಾದ ಸಾಲನ್ನೇ ತಳ್ಳಿಹಾಕುತ್ತದೆ.

ಎಣಿಕೆಯ ತಪಾಸಣೆ ಅಗ್ಗ ಮತ್ತು ಬಲು ಉಪಯುಕ್ತ. ಒಂದು ಮಣಿಕಟ್ಟಿಗೆ ಕಾರ್ಪಲ್ 8. ಸ್ಪೈನಲ್ ನರ್ವ್ 31 ಜೊತೆ, ಅದರಲ್ಲಿ ಸರ್ವೈಕಲ್ 8. ಸರ್ವೈಕಲ್ ವರ್ಟಿಬ್ರಾ 7. ಲೂಪ್ ಹಾಕಿ ವರ್ಟಿಬ್ರಾಗಳನ್ನು ಹುಟ್ಟಿಸುವ ಸ್ಕ್ರಿಪ್ಟ್ ‘ಸಿ8 ವರ್ಟಿಬ್ರಾ’ ಎಂಬ ಇಲ್ಲದ ಮೂಳೆಯನ್ನು ಸೃಷ್ಟಿಸುವುದು ಇಲ್ಲೇ. ಸಿ1ರಿಂದ ಸಿ7ರವರೆಗಿನ ನರ್ವ್‌ಗಳು ಅದೇ ಸಂಖ್ಯೆಯ ವರ್ಟಿಬ್ರಾದ ಮೇಲಿನಿಂದ ಹೊರಡುತ್ತವೆ, ಸಿ8 ಏಳನೆಯದರ ಕೆಳಗಿನಿಂದ, ಟಿ1ರಿಂದ ಮುಂದೆ ಎಲ್ಲವೂ ಕೆಳಗಿನಿಂದ. ‘ಸಿ5’ ಎಂದಷ್ಟೇ ಹೆಸರಿಟ್ಟರೆ ನರ್ವ್ ಯಾವುದು, ಮೂಳೆ ಯಾವುದು ಎಂದು ತಿಳಿಯದು. ಗುರುತು ಬೇರೆ ಬೇರೆ ಇರಲೇಬೇಕು.

ಎಂಸಿಕ್ಯೂ ತಾನಾಗಿ ಬರುತ್ತದೆ ಎಂದಿರಿ. ನಂಬಬಹುದೇ?

ತಪ್ಪು ಆಯ್ಕೆಗಳನ್ನು ಅದೇ ಬಗೆಯ, ಅದೇ ಪ್ರದೇಶದ ರಚನೆಗಳಿಂದ ಆರಿಸಿದರೆ ಪ್ರಶ್ನೆ ಚೆನ್ನಾಗಿರುತ್ತದೆ. ಆದರೆ ಬ್ರೇಕಿಯಾಲಿಸ್‌ಗೆ ಯಾವ ನರ್ವ್ ಎಂದು ಕೇಳಿ, ಆಯ್ಕೆಗಳಲ್ಲಿ ಮಸ್ಕ್ಯುಲೋಕ್ಯುಟೇನಿಯಸ್ ಜೊತೆ ರೇಡಿಯಲ್ ಕೂಡ ಇದ್ದರೆ ಎರಡು ಸರಿ ಉತ್ತರಗಳಾಗುತ್ತವೆ; ಅದರ ಹೊರಬದಿಯ ಭಾಗಕ್ಕೆ ರೇಡಿಯಲ್ ಹೋಗುತ್ತದೆ. ಆಯ್ಕೆಯೊಂದನ್ನು ಸೇರಿಸುವ ಮೊದಲು ಆ ರಚನೆಗೆ ಮಾತ್ರವಲ್ಲ, ಅದರ ಎಲ್ಲ ಭಾಗಗಳಿಗೂ ವೇರಿಯೇಷನ್ ಸಾಲುಗಳಿಗೂ ಹೋಲಿಸಿ ನೋಡಿ. ಸ್ಥಿತಿ ‘ಪರಿಶೀಲಿಸಿದೆ’ ಎಂದಿಲ್ಲದ ಸಾಲಿನಿಂದ ಪ್ರಶ್ನೆ ಹುಟ್ಟಬಾರದು.

ಮ್ಯೂಸಿಯಂ ಜಾಡಿಗಳಿಗೆ ಕ್ಯೂಆರ್ ಕೋಡ್ ಅಂಟಿಸಬಹುದೇ?

ಅಂಟಿಸಿ. ಜಾಡಿಯ ಹೊರಗೆ, ಪಾಲಿಯೆಸ್ಟರ್ ಲೇಬಲ್ ಮೇಲೆ. ಕಾಗದವಾದರೆ ಫಾರ್ಮಲಿನ್ ಸೋರಿದಾಗ ಹಾಳಾಗುತ್ತದೆ. ದುಂಡು ಜಾಡಿಯ ಮೇಲೆ ದೊಡ್ಡ ಕೋಡ್ ಬಾಗಿ ಸ್ಕ್ಯಾನ್ ಆಗುವುದಿಲ್ಲ, ಸುಮಾರು 2.5 ಸೆಂಟಿಮೀಟರ್ ಸಾಕು, ದೋಷ ತಿದ್ದುವ ಮಟ್ಟ ‘ಎಚ್’ ಇರಲಿ. ಕೋಡ್ ಒಳಗೆ ಗೂಗಲ್ ಶೀಟ್‌ನ ಲಿಂಕ್ ಹಾಕಬೇಡಿ, ಕಾಲೇಜಿನದೇ ವಿಳಾಸ ಮತ್ತು ರಚನೆಯ ಗುರುತು ಹಾಕಿ. ಶೀಟ್ ಬದಲಾದರೂ ಜಾಡಿಯ ಕೋಡ್ ಬದಲಾಗಬಾರದು.

ಕಾಪಿರೈಟ್?

ಬೈಸೆಪ್ಸ್ ಎಲ್ಲಿ ಸೇರುತ್ತದೆ ಎಂಬ ಸಂಗತಿ ಯಾರ ಸ್ವತ್ತೂ ಅಲ್ಲ. ಪುಸ್ತಕದ ವಾಕ್ಯ, ಚಿತ್ರ ಲೇಖಕರು, ಪ್ರಕಾಶಕರದು. ಭಾರತದಲ್ಲಿ ಲೇಖಕರ ನಿಧನದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಆಧಾರದ ಕಾಲಂನಲ್ಲಿ ಪುಟ ಸಂಖ್ಯೆ ಬರೆಯಿರಿ, ವಾಕ್ಯ ಅಂಟಿಸಬೇಡಿ. ವಿಕಿಡೇಟಾದಲ್ಲಿರುವುದಕ್ಕೆ ಸಿಸಿ0 ಪರವಾನಗಿ, ಬಳಸಲು ಷರತ್ತಿಲ್ಲ. ಉಳಿದ ಪ್ರತಿ ಮೂಲದಿಂದ ಇಳಿಸಿಕೊಂಡ ದಿನದ ಪರವಾನಗಿಯ ಪ್ರತಿಯನ್ನು ಫೈಲಿನ ಜೊತೆಗೇ ಉಳಿಸಿ.

ನಮ್ಮ ಡಿಸೆಕ್ಷನ್ ಫೋಟೋ, ಆಸ್ಪತ್ರೆಯ ಸಿಟಿ ಸ್ಕ್ಯಾನ್ ಸೇರಿಸಬಹುದೇ?

ಕಾಲೇಜಿನ ಎಥಿಕ್ಸ್ ಕಮಿಟಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇಡ. ದೇಹದಾನಿಗಳು ದೇಹವನ್ನು ಕೊಟ್ಟದ್ದು ಕಲಿಕೆಗೆ. ದಾನಪತ್ರದಲ್ಲಿ ಚಿತ್ರ ತೆಗೆದು ಹಂಚುವ ಮಾತು ಇದೆಯೇ ಎಂದು ಮೊದಲು ಓದಿ. ಮುಖ, ಹಚ್ಚೆ, ಗುರುತಿನ ಮಚ್ಚೆ, ದೇಹಕ್ಕೆ ಕಟ್ಟಿದ ಟ್ಯಾಗ್ ಯಾವುದೂ ಚೌಕಟ್ಟಿನಲ್ಲಿ ಬರಬಾರದು. ಮೊಬೈಲ್ ಫೋಟೋದೊಳಗಿನ ಸ್ಥಳ, ಸಮಯದ ಮಾಹಿತಿಯನ್ನು ತೆಗೆದುಹಾಕಿ. ಡೈಕಾಮ್‌ನಲ್ಲಿ ಹೆಡರ್‌ನಿಂದ ಹೆಸರು ಅಳಿಸಿದರೆ ಮುಗಿಯಲಿಲ್ಲ. ಅಲ್ಟ್ರಾಸೌಂಡ್ ಮತ್ತು ಸ್ಕ್ಯಾನ್ ಮಾಡಿದ ಹಳೆಯ ಫಿಲ್ಮ್‌ಗಳಲ್ಲಿ ಹೆಸರು ಚಿತ್ರದ ಪಿಕ್ಸೆಲ್‌ಗಳಲ್ಲೇ ಅಚ್ಚಾಗಿರುತ್ತದೆ. ತಲೆಯ ಸಿಟಿಯಿಂದ ಮುಖವನ್ನೇ ಮರಳಿ ಕಟ್ಟಬಹುದಾದ್ದರಿಂದ ಮುಖದ ಭಾಗವನ್ನು ಅಳಿಸಿದ ನಂತರವೇ ಆ ಫೈಲನ್ನು ವಿಭಾಗದ ಕಂಪ್ಯೂಟರಿನಿಂದ ಹೊರಗೆ ಕಳಿಸಿ.